ಹದಿನೆಂಟು ಅಡಿ ಲಟ್ಟಣಿಗೆ

ಲಟ್ಟಣಿಗೆಯ ಮೇಲೆ ಮಲಗಿದ್ದೆ.

ನಗಬೇಡಿ. ಕೈಕಾಲು ಕಟ್ಟಿದ್ದರು. ನಾರಿನ ಹಗ್ಗ ಮಣಿಕಟ್ಟನ್ನು ಕೊಯ್ಯುತ್ತಿತ್ತು. ಗಾವಡಗೆರೆ ಬಿಟ್ಟ ಲಾರಿ ಕೆ.ಆರ್. ನಗರದ ಕಡೆಗೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿತ್ತು. ಪ್ರತಿ ಗುಂಡಿಗೂ ನನ್ನ ಬೆನ್ನುಮೂಳೆ ಹೋಗಿ ಲಟ್ಟಣಿಗೆಗೆ ಬಡಿಯುತ್ತಿತ್ತು.

ನಿಮ್ಮ ಮನೆಯ ಲಟ್ಟಣಿಗೆ ಒಂದು ಮೊಳ ಇದ್ದೀತು. ಇದು ಹದಿನೆಂಟು ಅಡಿ. ನನ್ನ ಸೊಂಟಕ್ಕಿಂತ ದಪ್ಪ. ಅಪ್ಪಟ ಬೀಟೆ ಮರ. ಎರಡು ತುದಿಗೆ ಎರಡು ಹಿಡಿ. ಮೇಲೆ ಪಾಲಿಶ್ ಬೇರೆ!

ಕ್ಯಾಬಿನ್ನಿನ ಹಿಂದಿನ ಕಿಂಡಿಯಲ್ಲಿ ಒಂದು ತಲೆ ಕಾಣಿಸಿತು. ಮಂಟಯ್ಯ. ಎಚ್.ಡಿ. ಕೋಟೆ ಕಡೆಯ ಪೈಲ್ವಾನ್. ಗರಡಿ ಬಿಟ್ಟ ಮೇಲೆ ಸಾಮಿಲ್ ಓನರ್ ವಸಂತನ ಹತ್ತಿರ ಜನರನ್ನು ಹೆದರಿಸುವ ಕೆಲಸಕ್ಕೆ ಸೇರಿದ್ದ.

"ಲೋ ಕನಕರಾಜು, ಬದುಕಿದ್ದೀಯೇನ್ಲಾ?"

"ಇವ್ನಿ."

"ಅಂಗಾದ್ರೆ ಚೆನ್ನಾಗ್ ಉಸ್ರು ಎಳ್ಕೊ. ನಾಲೆ ಸೇತ್ವೆ ಬಂದೇಟ್ಗೆ ನೀನ್ ಕೆಳಕ್ಕೆ, ನಾವ್ ಮುಂದಕ್ಕೆ."

"ಕೈ ಬಿಚ್ಚಿ ಎಸೀರಿ. ಈಜ್ಕೊಂಡಾದ್ರೂ ಓಯ್ತೀನಿ."

"ಈಜ್ಬಾರ್ದು ಅಂತಾನೇ ಕಟ್ಟಿರೋದು ಕಣ್ಲಾ," ಅಂದ. ತಾಳ್ಮೆಯಿಂದಲೇ ಹೇಳಿದ, ಮಗುವಿಗೆ ಹೇಳುವ ಹಾಗೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹುಣಸೂರು ಬಸ್ ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮೇಲೆ ಒಂದು ರೂಮು. ಬೋರ್ಡ್ ಇಲ್ಲ. ಕಳೆದದ್ದನ್ನು ಹುಡುಕಿಕೊಡುತ್ತೇನೆ. ಪಂಪ್‌ಸೆಟ್, ಟ್ರ್ಯಾಕ್ಟರ್, ಓಡಿಹೋದ ಗಂಡ... ಎಲ್ಲ ಹುಡುಕಿದ್ದೇನೆ. ಮರ ಹುಡುಕಿದ್ದು ಇದೇ ಮೊದಲು.

ಕೆಲಸ ತಂದವಳು ಶಾಂತಲಾ. ಹನಗೋಡಿನವಳು, ಅಲ್ಲಿಯ ಹಾಲಿನ ಡೈರಿಯಲ್ಲಿ ಕೆಲಸ. ಎರಡು ಸಾವಿರದ ಮೂರನೇ ಇಸವಿ, ಸಂಕ್ರಾಂತಿಯ ಮಾರನೇ ದಿನ ಮೆಟ್ಟಿಲು ಹತ್ತಿ ಬಂದಳು. ಕೂರು ಅಂದರೂ ಕೂರಲಿಲ್ಲ.

ಅವಳಪ್ಪ ಮಂಚಯ್ಯನ ಹೊಲ ಲಕ್ಷ್ಮಣತೀರ್ಥ ನದಿಯ ಪಕ್ಕ. ಹೊಲದಲ್ಲಿ ಒಂದೇ ಒಂದು ಬೀಟೆ ಮರ. ಅವನ ಅಜ್ಜನ ಕಾಲದಲ್ಲೂ ಅದು ದೊಡ್ಡ ಮರವೇ. ಮನೆಯವರೆಲ್ಲ ನೆಂಟರ ಮದುವೆಗೆ ಅಂತ ಎಚ್.ಡಿ. ಕೋಟೆಗೆ ಹೋಗಿ ಬರುವಷ್ಟರಲ್ಲಿ ಮರ ಇಲ್ಲ. ಬರೀ ಬೊಡ್ಡೆ, ಸುತ್ತ ಗರಗಸದ ಹೊಟ್ಟು.

ಮಂಚಯ್ಯ ಒಳ್ಳೆಯವನು. ನೆಟ್ಟಗೆ ಫಾರೆಸ್ಟ್ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಟ್ಟ. ಅವರು ಅವನನ್ನೇ ಒಳಗೆ ಹಾಕಿದರು.

ಲೆಕ್ಕಾಚಾರ ಸುಲಭ. ಬೀಟೆ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಮರ. ಸರ್ಕಾರದ ಮರ ನಿನ್ನ ಹೊಲದಲ್ಲಿತ್ತು. ಈಗ ಇಲ್ಲ. ಹಾಗಾದರೆ ಕದ್ದವನು ನೀನು. ದಿಮ್ಮಿ ಬೇರೆ ಯಾರ ಹತ್ತಿರವಾದರೂ ಸಿಕ್ಕಿದರೆ ಅವರು ಕಳ್ಳರು, ಅಲ್ಲಿಯವರೆಗೆ ನೀನೇ.

"ಸೋಮ್ವಾರ ಮೈಸೂರ್ ಜೈಲಿಗೆ ಕಳಿಸ್ತಾರಂತೆ ಅಣ್ಣ," ಅಂದಳು ಶಾಂತಲಾ. "ನಮ್ಮಪ್ಪ ಒಂದ್ ಕಡ್ಡಿ ಕದ್ದೋರಲ್ಲ. ಕಳ್ಳ ಅನ್ನುಸ್ಕೊಂಡು ಅಲ್ಲಿಗೋದ್ರೆ ವಾಪಸ್ ಬರೋದು ಎಣ ಅಷ್ಟೇ. ಮರ ಎಲ್ಲಿದ್ರೂ ಉಡ್ಕಿಕೊಡಿ."

ಆ ಹುಡುಗಿ ಅಳಲಿಲ್ಲ. ಅತ್ತಿದ್ದರೆ ಆಗೋಲ್ಲ ಅಂತ ಹೇಳಿ ಕಳಿಸಬಹುದಿತ್ತು.

ಹುಡುಕುವುದು ಕಷ್ಟವಾಗಲಿಲ್ಲ. ಹುಣಸೂರಿನಲ್ಲಿ ನಸೀರ್ ಅಂತ ಒಬ್ಬ ಬಡಗಿ. ಮಂಚದ ಕಾಲು, ತೊಟ್ಟಿಲು, ಲಟ್ಟಣಿಗೆ ಕಡೆಯುವುದರಲ್ಲಿ ಅವನ ಕೈ ದೊಡ್ಡದು. ಬಾಯಿ ಅದಕ್ಕಿಂತ ದೊಡ್ಡದು. ಟೀ ಅಂಗಡಿಯಲ್ಲಿ ಕೂತು, "ದುನಿಯಾದಲ್ಲೇ ದೊಡ್ಡ ಲಟ್ಟಣಿಗೆ ನಾನು ಮಾಡಿದ್ದೀನಿ ಭಾಯ್," ಅಂತ ಕಂಡವರಿಗೆಲ್ಲ ಹೇಳುತ್ತಿದ್ದ. ಜನ ನಕ್ಕರು. ನಾನು ನಗಲಿಲ್ಲ, ಇನ್ನೊಂದು ಟೀ ಕೊಡಿಸಿದೆ. ಮಾಡಿಸಿದವನು ವಸಂತ, ಈಗ ಎಲ್ಲಿದೆ, ಎಲ್ಲಿಗೆ ಹೋಗುತ್ತದೆ, ಎಲ್ಲ ಹೊರಗೆ ಬಂತು.

ಯಾಕೆ ಲಟ್ಟಣಿಗೆ? ಕೇಳಿ, ಮಜಾ ಇದೆ.

ಜಗತ್ತಿನ ಕಾಡು ಉಳಿಸೋಕೆ ಅಂತ ದೂರದ ದೇಶಗಳ ದೊಡ್ಡವರೆಲ್ಲ ಕೂತು ಒಂದು ರೂಲು ಮಾಡಿದ್ದಾರೆ. ದಿಮ್ಮಿ ಸಮುದ್ರ ದಾಟಬೇಕಾದರೆ ಕಳ್ಳಮಾಲು ಆಗಿರಬಾರದು, ಚೆನ್ನಾಗಿ ನೋಡಿಕೊಂಡ ಕಾಡಿನಿಂದಲೇ ಬಂದಿರಬೇಕು. ಅದಕ್ಕೊಬ್ಬ ಇನ್ಸ್‌ಪೆಕ್ಟರ್ ಬಂದು ನೋಡಿ, ಹಸಿರು ಮರಕುಟಿಗದ ಚಿತ್ರವಿರುವ ಸ್ಟಿಕ್ಕರ್ ಅಂಟಿಸಬೇಕು. ಭಾರಿ ಕಟ್ಟುನಿಟ್ಟು. ಆದರೆ ಅದು ದಿಮ್ಮಿಗೆ ಮಾತ್ರ. ತಯಾರಾದ ಸಾಮಾನಾದರೆ ಯಾವ ಕಾಡು, ಯಾರ ಮರ ಅಂತ ಯಾರೂ ಕೇಳೋಲ್ಲ. ಸಾಮಾನು ಕೆಲಸಕ್ಕೆ ಬರುತ್ತದೆಯೇ ಅಂತ ನೋಡಿ ಅದೇ ಮರಕುಟಿಗವನ್ನು ಅಂಟಿಸುತ್ತಾರೆ. ಸೈಜಿನ ಬಗ್ಗೆ ರೂಲಿನಲ್ಲಿ ಒಂದು ಮಾತೂ ಇಲ್ಲ.

ವಸಂತ ಓದಿದವನು. ದಿಮ್ಮಿಗೆ ಎರಡು ಹಿಡಿ ಹಾಕಿಸಿದ.

ಗಾವಡಗೆರೆ ಹತ್ತಿರ ಹೊಗೆಸೊಪ್ಪು ಬೇಯಿಸುವ ಒಂದು ಹಳೇ ಬ್ಯಾರನ್ನಿನಲ್ಲಿ ಅದನ್ನು ಅಡಗಿಸಿಟ್ಟಿದ್ದರು. ಹೋಗಿ ನೋಡಿದೆ. ಬಗ್ಗಿ ಮುಟ್ಟಿದೆ. ಹಿಂದಿನಿಂದ ಮಂಟಯ್ಯ ನನ್ನ ತಲೆಯನ್ನು ಮುಟ್ಟಿದ. ಎಚ್ಚರವಾದಾಗ ಲಾರಿಯಲ್ಲಿದ್ದೆ.

ಈಗ ಆ ಲಾರಿ ನಿಧಾನವಾಯಿತು.

ಸೇತುವೆ ಬಂತು, ನನ್ನ ಕತೆ ಮುಗಿಯಿತು ಅಂದುಕೊಂಡೆ. ಸೇತುವೆಯಲ್ಲ, ಹುರುಳಿ! ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಒಕ್ಕಣೆ ಜಾಗ. ಹುರುಳಿ ಬಳ್ಳಿಯನ್ನು ಕಿತ್ತು ತಂದು ರಸ್ತೆಯ ಉದ್ದಕ್ಕೂ ಹರಡಿಬಿಡುತ್ತಾರೆ. ಬಸ್ಸು, ಲಾರಿ, ಸಾಹೇಬರ ಕಾರು... ಯಾರು ಬಂದರೂ ಅದರ ಮೇಲೆ ಹಾಯಿಸಿಕೊಂಡೇ ಹೋಗಬೇಕು. ಕಾಳು ತಾನಾಗಿ ಉದುರುತ್ತದೆ.

ಬಳ್ಳಿ ಆಕ್ಸಲಿಗೆ ಸುತ್ತಿಕೊಂಡಿತು. ಲಾರಿ ಕೆಮ್ಮಿ ನಿಂತಿತು. ಡ್ರೈವರನೂ ಮಂಟಯ್ಯನೂ ಇಳಿದು ಕುಡುಗೋಲು ಇಸಿದುಕೊಂಡು ಲಾರಿಯ ಅಡಿಗೆ ತೂರಿದರು.

ಅಷ್ಟರಲ್ಲಿ ಚಕ್ರದ ಮೇಲೆ ಕಾಲಿಟ್ಟು ಒಬ್ಬ ಮುದುಕಿ ಇಣುಕಿದಳು. ಹುರುಳಿಯ ಒಡತಿ. ಕೆಂಪಾಜಮ್ಮ ಅಂತ ಆಮೇಲೆ ಗೊತ್ತಾಯಿತು.

"ಯಾಕಪ್ಪ ಇಂಗ್ ಮನಿಕೊಂಡಿದ್ದೀಯ?"

"ಕಟ್ಟಾಕವ್ರೆ ಕಣವ್ವ. ಮುಂದಕ್ ಓದ್ಮೇಲೆ ನಾಲೆಗ್ ಎಸೀತಾರೆ."

"ಅದ್ ಆಮೇಲಿನ್ ಮಾತು ಬುಡು. ಈ ಲಾರಿ ಒಳ್ಳೆ ತೂಕ ಐತಾ?"

"ಯಾಕವ್ವ?"

"ತೂಕ ಇದ್ರೆ ಇನ್ನೆರಡ್ ದಪ ಇಂದಕ್ ಮುಂದಕ್ ಓಡ್ಸೋಕೇಳು. ನಮ್ ಉಳ್ಳಿ ಇನ್ನೂ ಅರ್ಧ ಉದ್ರಿಲ್ಲ."

"ಅವ್ವ, ಆ ದಾಂಡಿಗ ನಿನ್ ಬಳ್ಳೀನೆಲ್ಲ ಕುಯ್ದ್ ಕುಯ್ದು ಮಣ್ಣಿಗ್ ಆಕ್ತಾವ್ನೆ, ನೋಡ್ದಾ?"

ಮುದುಕಿ ಬಗ್ಗಿ ನೋಡಿದಳು. ಮುಖ ಬದಲಾಯಿತು. ಸೊಂಟದ ಕುಡುಗೋಲು ತೆಗೆದಳು. ನನ್ನ ಹಗ್ಗವನ್ನು ಒಂದೇ ಏಟಿಗೆ ಕೊಯ್ದಳು. ದಯೆಯಿಂದಲ್ಲ, ಸಾಕ್ಷಿ ಹೇಳೋಕೆ ನಾನು ಬೇಕಿತ್ತು.

"ಲೇ ಸುಂದ್ರಮ್ಮ, ಬನ್ರೇ ಇತ್ಲಾಗೆ. ಉಳ್ಳಿ ಆಳ್ ಮಾಡ್ತಾವ್ರೆ."

ಹೊಲದಿಂದ ಹೆಂಗಸರು ಬಂದರು. ಕೈಯಲ್ಲಿ ಕವೆಗೋಲು. ಗರಡಿಯಲ್ಲಿ ಎಷ್ಟೋ ಜನರನ್ನು ಚಿತ್ ಮಾಡಿದ್ದ ಮಂಟಯ್ಯ ಲಾರಿ ಅಡಿಯಿಂದ ಹೊರಗೆ ಬಂದವನು, ಸುತ್ತ ನೋಡಿದ, ಮತ್ತೆ ಒಳಗೇ ಹೋದ. ಕೊನೆಗೆ ಅವನ ಕೈಗೆ ಬಡಿಗೆ ಕೊಟ್ಟು ಬಳ್ಳಿ ಬಡಿಸಿದರು. ಅವನು ಬಡಿಯುತ್ತಲೇ ಇದ್ದ, ನನ್ನನ್ನು ನೋಡಿ ಹಲ್ಲು ಕಡಿಯುತ್ತಲೇ ಇದ್ದ.

"ನಮ್ ಯಜಮಾನ್ರ ಟಿವಿಎಸ್ಸು ಅಲ್ಲಿ ನಿಂತದೆ, ತಕ್ಕೊಂಡೋಗು," ಅಂದಳು ಕೆಂಪಾಜಮ್ಮ. "ಮ್ಯಾಲಿರೋ ಮೂಟೆ ಇಳಿಸ್ಬ್ಯಾಡ. ಕೇರ್ನಗರದ್ ಮಂಡಿಗೆ ಆಕ್ಬುಡು."

ಹಾಗೆ ನಾನು ಪ್ರಾಣ ಉಳಿಸಿಕೊಂಡು ಹೊರಟೆ. ಹುರುಳಿ ಮೂಟೆಯ ಸಮೇತ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಹಾರ್ನ್. ಅದೇ ಲಾರಿ. ಬಳ್ಳಿ ಬಡಿದು ಮುಗಿದ ಮೇಲೆ ಹೆಂಗಸರು ಬಿಟ್ಟಿದ್ದರು. ಮಂಟಯ್ಯ ಬಾಗಿಲಿಗೆ ಜೋತುಬಿದ್ದು ಕೂಗುತ್ತಿದ್ದ. ಟಿವಿಎಸ್ ಅದರ ಪಾಡಿಗೆ ಗೊಣಗುತ್ತ ಹೋಗುತ್ತಿತ್ತು, ಜೋರಾಗಿ ಹೋಗುವ ಅಭ್ಯಾಸವೇ ಅದಕ್ಕಿರಲಿಲ್ಲ. ಲಾರಿಯ ಬಂಪರ್ ನನ್ನ ಹಿಂದಿನ ಮಡ್‌ಗಾರ್ಡ್ ಮುಟ್ಟಿತು. ಇನ್ನೊಂದು ಸಲ ಮುಟ್ಟಿತು... ಎಡಕ್ಕೆ ಕಬ್ಬಿನ ಗದ್ದೆಗೆ ಒಂದು ಗಾಡಿಜಾಡು. ಹ್ಯಾಂಡಲ್ ತಿರುಗಿಸಿದೆ. ಕಬ್ಬಿನ ಗರಿ ಮುಖವನ್ನೆಲ್ಲ ಗೀರಿತು. ಹಿಂದೆ ಲಾರಿ ಬ್ರೇಕ್ ಹಾಕಲಿಲ್ಲ, ಮುಂದೆ ಹೋಯಿತು. ಅವರಿಗೆ ನನಗಿಂತ ಲಟ್ಟಣಿಗೆ ಹತ್ತಬೇಕಾದ ಹಡಗು ಮುಖ್ಯ ಅಂತ ಆಗ ಗೊತ್ತಾಯಿತು.

ಕೆ.ಆರ್. ನಗರದ ಹೊರಗೆ ಒಂದು ಎಸ್‌ಟಿಡಿ ಬೂತು. ಹುಣಸೂರಿನ ಫಾರೆಸ್ಟ್ ಆಫೀಸಿನ ಎದುರಿನ ಟೀ ಅಂಗಡಿಗೆ ಫೋನ್ ಮಾಡಿ ಶಾಂತಲಾಳನ್ನು ಕರೆಸಿದೆ.

"ಸಿಕ್ತು. ಇಲ್ಲಿ ವಸಂತನ ಯಾರ್ಡಿಗೆ ಓಯ್ತಾ ಅದೆ. ರೇಂಜರ್ ಸಾಹೇಬ್ರನ್ನ ಕರ್ಕೊಂಡ್ ಬಾ. ನಿಮ್ಮಪ್ಪನ್ನೂ. ಗುರುತು ಹಿಡೀಬೇಕು."

"ಅವ್ರು ಬರಲ್ಲ ಅಂದ್ರೆ?"

"ಜೀಪ್ ಮುಂದೆ ಮಲ್ಕೊ."

"ಮಲಗೋದ್ ಯಾಕಣ್ಣ? ಜೀಪ್ ಒಳ್ಗೇ ಕೂತ್ಕೋತೀನಿ. ಇಳಿಸ್ಲಿ ನೋಡಾನ."

ಯಾರ್ಡಿನ ಗೇಟಿನಲ್ಲಿ ಕಾವಲಿತ್ತು. ಹುರುಳಿ ಮೂಟೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದೆ. ಮೂಟೆ ಹೊತ್ತವನನ್ನು ನಮ್ಮ ದೇಶದಲ್ಲಿ ಯಾವ ಗೇಟಿನಲ್ಲೂ ನಿಲ್ಲಿಸುವುದಿಲ್ಲ.

ಒಳಗೆ ಎಲ್ಲ ಸಿದ್ಧವಾಗಿತ್ತು. ಬಾಗಿಲು ತೆಗೆದ ಕಂಟೇನರ್. ಸಿಮೆಂಟ್ ನೆಲದ ಮೇಲೆ ಲಟ್ಟಣಿಗೆ. ಪಕ್ಕದಲ್ಲಿ ನಸೀರ್, ಮಗಳ ಮದುವೆಯಲ್ಲಿ ನಿಂತ ಅಪ್ಪನ ಹಾಗೆ. ಬಿಳಿ ಷರಟು, ಕೂಲಿಂಗ್ ಗ್ಲಾಸಿನಲ್ಲಿ ವಸಂತ. ಅವನ ಮುಂದೆ ಮರಕುಟಿಗದ ಇನ್ಸ್‌ಪೆಕ್ಟರ್. ಹೆನ್ರಿಕ್ ಅಂತ. ಬಿಸಿಲಿಗೆ ಟೊಮೆಟೊ ಬಣ್ಣಕ್ಕೆ ತಿರುಗಿದ್ದ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೈಯಲ್ಲಿದ್ದ ರೂಲು ಪುಸ್ತಕ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಫಾರೆಸ್ಟ್ ಜೀಪು ಬಂತು. ಮುಂದಿನ ಸೀಟಿನಲ್ಲಿ ಶಾಂತಲಾ. ಹಿಂದೆ ರೇಂಜರ್ ಸಾಹೇಬರು, ಮೊಣಕಾಲು ಗದ್ದಕ್ಕೆ ತಗುಲಿಸಿಕೊಂಡು. ಅವರ ಪಕ್ಕ ಮಂಚಯ್ಯ. ಬಡಕಲು ಕೈಗೆ ಬೇಡಿ.

ಮಂಚಯ್ಯ ಇಳಿದ. ಯಾರನ್ನೂ ಕೇಳಲಿಲ್ಲ. ಹೋಗಿ ಲಟ್ಟಣಿಗೆಯ ಮೇಲೆ ಎರಡೂ ಕೈ ಇಟ್ಟ. ಬೇಡಿ ಮರಕ್ಕೆ ತಾಗಿ ಟಕ್ ಅಂದಿತು.

"ಇದೇ ಸ್ವಾಮಿ. ಇದೇ ನಮ್ ಮರ. ಏನ್ ಗತಿ ಮಾಡವ್ರೆ ನೋಡಿ."

ರೇಂಜರ್ ಒಂದು ಸುತ್ತು ಹಾಕಿದರು. ಹಿಡಿ ಮುಟ್ಟಿ ನೋಡಿದರು. ಮುಖ ಕಿವುಚಿದರು.

"ಇದು ನಮಗೆ ಬರೋಲ್ಲ ಕಣ್ರೀ."

"ಯಾಕ್ ಸಾರ್?" ಅಂದೆ.

"ಅಡುಗೆ ಸಾಮಾನು. ನಮ್ಮದು ಕಾಡು."

"ಮರ ಸಾರ್ ಇದು."

"ಮರದಲ್ಲಿ ಮಾಡಿದ್ದು. ನಿಮ್ಮ ಮನೆ ಬಾಗಿಲೂ ಮರದ್ದೇ. ಬಂದು ಸೀಜ್ ಮಾಡ್ಲಾ? ನಾಳೆ ಮೇಲಿನೋರು ಕೇಳ್ತಾರೆ, ಲಟ್ಟಣಿಗೆ ಹಿಡ್ಕೊಂಡು ಬಂದಿದ್ದೀಯಲ್ಲಯ್ಯ, ಒಲೆ ಎಲ್ಲಿ ಅಂತ. ಏನು ಹೇಳಲಿ?"

"ಸ್ವಾಮಿ, ನಮ್ಮನೇಲಿ ಲಟ್ಟಣಿಗೇನೇ ಇಲ್ಲ," ಅಂದ ಮಂಚಯ್ಯ. "ನಾವ್ ಮುದ್ದೆ ತಿನ್ನೋ ಜನ."

"ನೋಡಿ, ಅವನೇ ಒಪ್ಕೊಂಡ. ಲಟ್ಟಣಿಗೆ ಅವನದಲ್ಲ. ಅಂದ ಮೇಲೆ ಅವನ ಹೊಲದ ಮರ ಇನ್ನೂ ಸಿಕ್ಕಿಲ್ಲ."

ಶಾಂತಲಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಹೆನ್ರಿಕ್ ಪುಸ್ತಕದಿಂದ ತಲೆ ಎತ್ತಿ ಇಂಗ್ಲಿಷಿನಲ್ಲಿ ಕೇಳಿದ. "ಈ ಸಾಮಾನು ಹೇಳಿದ ಕೆಲಸ ಮಾಡುತ್ತದೆಯೇ? ಮಾಡಿ ತೋರಿಸಬೇಕು. ರೂಲಿದೆ."

ನನ್ನ ಎದೆ ಹಗುರವಾಯಿತು. ಇದರಲ್ಲಿ ಯಾರು ಲಟ್ಟಿಸೋಕೆ ಸಾಧ್ಯ?

ವಸಂತ ನಕ್ಕ. ಚಿಟಿಕೆ ಹೊಡೆದ. ರಸ್ತೆ ಆಚೆಯ ಹೋಟೆಲಿನಿಂದ ಪರೋಟಾ ಮಾಸ್ಟರ್ ಬಂದ. ಅವನ ಹಿಂದೆ ಗುಡ್ಡದಂಥ ಮೈದಾ ಹಿಟ್ಟು, ಬಾಣಲೆ ಬಾಣಲೆಯಲ್ಲಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಹಿಟ್ಟು ಸುರಿದರು. ಹಮಾಲಿಗಳು ಆ ಕಡೆ ನಾಲ್ಕು, ಈ ಕಡೆ ನಾಲ್ಕು ಜನ ನಿಂತರು.

"ಐಸಾ..." ಅಂದ ಮೇಸ್ತ್ರಿ.

ಲಟ್ಟಣಿಗೆ ಉರುಳಿತು. ಹಿಟ್ಟು ಮೊದಲು ನರಳಿತು, ಆಮೇಲೆ ಹರಡಿತು. ಮುಂದಕ್ಕೆ, ಹಿಂದಕ್ಕೆ. ಒಬ್ಬ ಹಮಾಲಿಯ ಚಪ್ಪಲಿ ಹಿಟ್ಟಿನೊಳಗೆ ಹೋಯಿತು, ತೆಳ್ಳಗಾಗಿ ಹೊರಗೆ ಬಂತು. ಕೊನೆಗೆ ಮದುವೆ ಮನೆಯ ಜಮಖಾನದಷ್ಟು ಅಗಲದ ಒಂದು ಚಪಾತಿ ನೆಲದ ಮೇಲೆ ಮಲಗಿತ್ತು. ನಿಜ ಹೇಳುತ್ತೇನೆ, ಅಂಚು ಕೂಡ ದುಂಡಗಿತ್ತು.

ನಸೀರ್ ಕಣ್ಣು ಒರೆಸಿಕೊಂಡ.

ಹೆನ್ರಿಕ್ ಬಗ್ಗಿ ದಪ್ಪ ಅಳೆದ. "ಕೆಲಸ ಮಾಡುತ್ತದೆ," ಅಂದ. ಮರಕುಟಿಗದ ಸ್ಟಿಕ್ಕರ್ ತೆಗೆದು ಮಂಚಯ್ಯನ ಮರದ ಮೇಲೆ ಅಂಟಿಸಿದ.

ರೇಂಜರ್ ಜೀಪಿನ ಕಡೆ ತಿರುಗಿದರು. ಮಂಚಯ್ಯನ ತೋಳು ಹಿಡಿದರು. ನಾನು ಬಾಯಿ ತೆರೆದೆ. ಪಕ್ಕೆಗೆ ತಣ್ಣಗೆ ಏನೋ ತಾಗಿತು. ಟವೆಲ್ಲಿನೊಳಗೆ ಮಚ್ಚು. ಮಂಟಯ್ಯ ಬಂದು ನಿಂತಿದ್ದ. ಮೈತುಂಬ ಹುರುಳಿ ಹೊಟ್ಟು.

"ವಸಂತಣ್ಣಂಗೆ ಎದುರ್ ಮಾತಾಡ್ದೋ, ಕರ್ಳು ಈಚೆ ಬತ್ತವೆ," ಅಂತ ಕಿವಿಯಲ್ಲಿ ಪಿಸುಗುಟ್ಟಿದ.

ಸೋತೆ ಅಂದುಕೊಂಡೆ. ಆ ಹುಡುಗಿಯ ಮುಖ ನೋಡೋಕೆ ಆಗಲಿಲ್ಲ.

ಹಮಾಲಿಗಳು ಹಿಟ್ಟಿನ ಕೈಯಲ್ಲೇ ಲಟ್ಟಣಿಗೆಯನ್ನು ಕಂಟೇನರಿಗೆ ತಳ್ಳಿದರು. ಹೋಯಿತು... ಹೋಯಿತು... ನಿಂತಿತು. ಒಂದು ಹಿಡಿ ಪೂರ್ತಿ ಬಾಗಿಲ ಹೊರ‍ಗೆ.

"ತಳ್ರೋ," ಅಂದ ವಸಂತ.

"ಒಳ್ಗಡೆ ಗೋಡೆಗ್ ತಗುಲ್ಕೊಂಡದೆ ಸಾರ್."

ವಸಂತ ಕೂಲಿಂಗ್ ಗ್ಲಾಸ್ ತೆಗೆದ. "ನಸೀರ್, ಹಿಡಿ ಅರ್ಧರ್ಧ ಅಡಿ ಸಾಕು ಅಂದಿದ್ನೋ ಇಲ್ವೋ?"

"ಅಂದಿದ್ರಿ ಸಾಬ್."

"ಇದೆಷ್ಟಿದೆ?"

"ಒಂದೊಂದು ಮೊಳ. ಅರ್ಧ ಅಡಿ ಹಾಕಿದ್ರೆ ನೋಡೋಕೆ ಚಂದ ಇರಲ್ಲ ಸಾಬ್. ನಮ್ಮ ಅಮ್ಮಿದು ಲಟ್ಟಣಿಗೆ ಮುಂದೆ ಇಟ್ಕೊಂಡು ಲೆಕ್ಕ ಹಾಕಿದ್ದು. ಇಷ್ಟು ಮೈಗೆ ಇಷ್ಟು ಹಿಡಿ ಬೇಕೇ ಬೇಕು. ಇಲ್ಲಾಂದ್ರೆ ಅದಕ್ಕೆ ಲಟ್ಟಣಿಗೆ ಅಂತ ಯಾರು ಹೇಳ್ತಾರೆ?"

"ಬಿಚ್ಚು ಅದನ್ನ."

"ನಾನು ಹಾಕಿದ ಕೀಲು ಬಿಚ್ಚೋಕಾಗಲ್ಲ."

"ಕುಯ್ದು ಹಾಕು."

ನಸೀರ್ ಹೋಗಿ ಆ ಹಿಡಿಯನ್ನು ತಬ್ಬಿಕೊಂಡ. "ನನ್ನ ಕೈಯಾರೆ ಮಾಡಿದ್ದು ಸಾಬ್. ನನ್ನ ಕೈಯಾರೆ ಕುಯ್ಯಲ್ಲ. ಬೇಕಿದ್ರೆ ನನ್ನ ಕೈ ಕುಯ್ರಿ."

ವಸಂತ ವಾಚ್ ನೋಡಿದ. ಹಡಗು ಮಂಗಳೂರಿನಲ್ಲಿ ಕಾಯುತ್ತಿತ್ತು. ಹಮಾಲಿಗಳ ಕೈಯೆಲ್ಲ ಹಿಟ್ಟು, ಅವರು ಮೆಷಿನ್ ಮುಟ್ಟುವ ಹಾಗಿರಲಿಲ್ಲ. ನಸೀರನನ್ನು ಪಕ್ಕಕ್ಕೆ ತಳ್ಳಿ ವಸಂತ ತಾನೇ ಚೈನ್ ಗರಗಸ ಎಳೆದ. ಭರ್ರ್ ಅಂತ ಒಂದು ಹಿಡಿ ಕೆಳಗೆ ಬಿತ್ತು.

ಮತ್ತೆ ತಳ್ಳಿದರು. ಇನ್ನೂ ಎರಡು ಬೆರಳು ಹೊರಗೆ! ಬಾಗಿಲು ಮುಚ್ಚಲಿಲ್ಲ.

ವಸಂತ ಗರಗಸ ಹಿಡಿದುಕೊಂಡು ಯೋಚನೆ ಮಾಡಿದ. ದಡ್ಡನಲ್ಲ. ಒಂದು ಹಿಡಿಯಾದರೂ ಇರಲಿ ಅಂತ ಅವನ ತಲೆಯಲ್ಲಿ ಓಡುತ್ತಿರುವುದು ನನಗೆ ಕಾಣುತ್ತಿತ್ತು. ಆ ಕಡೆ ಹೆನ್ರಿಕ್ ಕೂಡ ಪುಸ್ತಕ ತಿರುವುತ್ತಿದ್ದ. ಆಗ ನನಗೆ ದಾರಿ ಹೊಳೆಯಿತು. ಮಚ್ಚು ಎದುರು ಮಾತಾಡಬೇಡ ಅಂದಿತ್ತು. ಪರವಾಗಿ ಮಾತಾಡಬೇಡ ಅಂದಿರಲಿಲ್ಲ.

"ವಸಂತ್ ಸಾರ್," ಅಂದೆ. "ಒಂದೇ ಹಿಡಿ ಇದ್ರೆ ಸೌಟು ಅಂದಾರು. ಎರಡೂ ತೆಗೀರಿ. ಹಿಡಿ ಇಲ್ಲದ ಲಟ್ಟಣಿಗೆ ಯಾವ ಹೋಟೆಲಲ್ಲಿಲ್ಲ? ಬೇಕಿದ್ರೆ ಮಾಸ್ಟರ್‌ನ ಕೇಳಿ."

ಪರೋಟಾ ಮಾಸ್ಟರ್ ತಲೆಯಾಡಿಸಿದ. "ನಮ್ದೂ ಹಂಗೇ ಸಾರ್. ಬರೀ ಕೋಲು."

"ಅದೂ ದಿಟವೇ ಕಣಣ್ಣ," ಅಂದ ಮಂಟಯ್ಯ, ನನ್ನ ಪಕ್ಕೆಯಿಂದ ಮಚ್ಚು ತೆಗೆಯದೆ.

ವಸಂತ ಎರಡನೇ ಹಿಡಿ ಕೊಯ್ದ.

ಹೆನ್ರಿಕ್ ಪುಟದ ಮೇಲೆ ಬೆರಳಿಟ್ಟು ಓದಿದ. ಇನ್ನೊಂದು ಸಲ ಓದಿದ. ಆಮೇಲೆ ನಡೆದು ಬಂದು, ಉಗುರಿನಿಂದ ಮೆಲ್ಲಗೆ ಮರಕುಟಿಗವನ್ನು ಕಿತ್ತ.

"ಲಟ್ಟಣಿಗೆಗೆ ಒಂದು ಹಿಡಿಯಾದರೂ ಇರಬೇಕು ಅಂತ ಇಲ್ಲಿದೆ," ಅಂದ. "ಕ್ಷಮಿಸಿ."

"ಹಾಗಾದರೆ ಇದೇನು ಸಾರ್?" ಅಂತ ನಾನು ಕೇಳಿದೆ, ನನಗೆ ಬರುವ ಇಂಗ್ಲಿಷಿನಲ್ಲಿ.

ಅವನು ಮೊದಲ ಸಲ ಪುಸ್ತಕ ಮುಚ್ಚಿ ಎದುರಿಗಿದ್ದದ್ದನ್ನು ನೋಡಿದ. ತಲೆಯಿಂದ ಬುಡದವರೆಗೆ ನೋಡಿದ.

"ಇದು ದಿಮ್ಮಿ," ಅಂದ. ಅವನಿಗೇ ಆಶ್ಚರ್ಯವಾದ ಹಾಗಿತ್ತು.

ರೇಂಜರ್ ಸಾಹೇಬರ ಬೆನ್ನು ನೆಟ್ಟಗಾಯಿತು. ಕ್ಯಾಪ್ ಹಾಕಿಕೊಂಡರು. "ಅಡುಗೆ ಸಾಮಾನು ಅಲ್ಲ ತಾನೇ?"

"ಅಲ್ಲವಂತೆ ಸಾರ್."

"ಸರ್ಕಾರದ ದಿಮ್ಮಿ. ಮುಂದೆ ಗರಗಸ ಹಿಡ್ಕೊಂಡು ನಿಂತಿರೋರು ನೀವು," ಅಂದರು ವಸಂತನಿಗೆ. ಪಾಪ, ಆ ಮನುಷ್ಯ ಎಷ್ಟು ವರ್ಷದಿಂದ ಈ ಮಾತು ಹೇಳೋಕೆ ಕಾದಿದ್ದರೋ. ಬೇಡಿ ಇದ್ದದ್ದು ಒಂದೇ ಜೊತೆ. ಮಂಚಯ್ಯನ ಕೈಯಿಂದ ಬಿಚ್ಚಿ ವಸಂತನ ಕೈಗೆ ಹಾಕಿದರು.

ಮಂಟಯ್ಯನ ಮಚ್ಚು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನು ಹಮಾಲಿಗಳ ನಡುವೆ ನಿಂತು ಚಪಾತಿ ಸುತ್ತುತ್ತಿದ್ದ.

ಶಾಂತಲಾ ಆಗ ಅತ್ತಳು. ನನಗೂ ಅಳು ಬಂತು, ಹೇಳಿಕೊಳ್ಳೋಕೆ ನಾಚಿಕೆ ಇಲ್ಲ. ಮಂಚಯ್ಯ ಮಾತ್ರ ಮಣಿಕಟ್ಟು ಉಜ್ಜಿಕೊಳ್ಳುತ್ತ ದಿಮ್ಮಿಯನ್ನೇ ನೋಡುತ್ತಿದ್ದ.

"ನನ್ನ ಮಾನ ಬಂತು ಕಣಪ್ಪ," ಅಂದ ನನಗೆ. "ನೆಳ್ಳು ಬರಾಕಿಲ್ಲ."

ಇಲ್ಲಿಗೆ ಮುಗಿಸಬಹುದಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ.

ಸೀಜ್ ಮಾಡಿದ ದಿಮ್ಮಿಯನ್ನು ಸರ್ಕಾರ ಏನು ಮಾಡುತ್ತದೆ? ಇಟ್ಟುಕೊಂಡು ಪೂಜೆ ಮಾಡೋಲ್ಲ. ಹರಾಜು ಹಾಕುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಹರಾಜಾಯಿತು. ಕೂಗಿ ಕೊಂಡವನು ವಸಂತನ ಭಾಮೈದ. ವಸಂತ ಬೇಲಿನ ಮೇಲೆ ಹೊರಗೆ ಬಂದು ಪಕ್ಕದಲ್ಲೇ ನಿಂತು ಟೀ ಕುಡಿಯುತ್ತಿದ್ದ.

"ನೋಡಿ ಕನಕರಾಜು, ಈಗ ನೂರಕ್ಕೆ ನೂರು ಲೀಗಲ್," ಅಂದ. ಕೋಪ ಇರಲಿಲ್ಲ. "ಸರ್ಕಾರವೇ ಮಾರಿದ್ದು. ಹಿಡಿ ಗಿಡಿ ಏನೂ ಬೇಡ. ನೀವು ನನಗೆ ಉಪಕಾರಾನೇ ಮಾಡಿದ್ರಿ."

ಬೇಕಾದದ್ದು ಇನ್ನು ಒಂದೇ. ದಿಮ್ಮಿ ಚೆನ್ನಾಗಿ ನೋಡಿಕೊಂಡ ಕಾಡಿನಿಂದ ಬಂದದ್ದು ಅಂತ ಮರಕುಟಿಗ ಒಪ್ಪಬೇಕು. ಕಾಡು ಯಾವುದು? ಮಂಚಯ್ಯನ ಹೊಲ.

ಹೆನ್ರಿಕ್ ಹನಗೋಡಿಗೆ ಬಂದ. ಹೊಲದ ನಡುವೆ ಛತ್ರಿ ಹಿಡಿದು ನಿಂತ. ಸುತ್ತ ಬಟಾಬಯಲು, ಮಧ್ಯೆ ಒಂದು ಬೊಡ್ಡೆ. ಮಂಚಯ್ಯ ಬೊಡ್ಡೆಯ ಮೇಲೆ ಕೂತಿದ್ದ. ಕನ್ನಡ ಮಾಡಿ ಹೇಳೋಕೆ ನನ್ನನ್ನೇ ಕರೆಸಿದ್ದರು.

"ಈ ಕಾಡಿನಲ್ಲಿ ಈಗ ಯಾರಾದರೂ ಕಳ್ಳತನದಿಂದ ಮರ ಕಡಿಯುತ್ತಾರೆಯೇ?"

"ಏನ್ ಕಡೀತಾರೆ ಸ್ವಾಮಿ, ನನ್ ತಲೇನಾ?"

ಇಲ್ಲ ಅಂತ ಹೇಳಿದೆ. ಹೆನ್ರಿಕ್ ಟಿಕ್ ಹಾಕಿದ.

"ಕಾಳ್ಗಿಚ್ಚು?"

"ಉರಿಯೋಕೆ ಏನೈತೆ?"

ಟಿಕ್.

"ಕಾಡುಪ್ರಾಣಿಗಳಿಗೆ ತೊಂದರೆ?"

"ಒಂದ್ ಓತಿಕ್ಯಾತ ಇತ್ತು. ಮರ ಓದ್ ದಿನಾನೇ ಅದೂ ಓಯ್ತು. ಈಗ ಯಾರ್ಗೂ ತೊಂದ್ರೆ ಇಲ್ಲ."

ಟಿಕ್.

ಎಲ್ಲ ಪ್ರಶ್ನೆಗೂ ಟಿಕ್ ಬಿತ್ತು. ಇಷ್ಟು ಶುದ್ಧವಾದ ಕಾಡನ್ನು ತಾನು ಯಾವ ದೇಶದಲ್ಲೂ ಕಂಡಿಲ್ಲ ಅಂತ ಹೆನ್ರಿಕ್ ಮಂಚಯ್ಯನ ಕೈ ಕುಲುಕಿದ. ದಿಮ್ಮಿ ಮರಕುಟಿಗ ಹೊತ್ತು ಹಡಗು ಹತ್ತಿತು. ಆಮೇಲೆ ಹೊಲದಲ್ಲಿ ಒಂದು ಹಸಿರು ಬೋರ್ಡು ನೆಟ್ಟರು. ಅದರಲ್ಲಿ ಇಂಗ್ಲಿಷಿನಲ್ಲಿ ಏನು ಬರೆದಿದೆ ಅಂತ ಮಂಚಯ್ಯ ಕೇಳಿದ.

"ಜಗತ್ತಿನಲ್ಲೇ ಚೆನ್ನಾಗಿ ಕಾಪಾಡಿರೋ ಕಾಡು ಅಂತ."

ಅವನು ಟವೆಲ್ ಕೊಡವಿ, ಬೋರ್ಡಿನ ಕಂಬದ ಬೆರಳಗಲದ ನೆರಳಿನಲ್ಲಿ ಕೂತುಕೊಂಡ.

ಸುಳ್ಳಲ್ಲ ಬಿಡಿ. ಕದಿಯೋಕೆ ಒಂದು ಮರವೂ ಉಳಿದಿಲ್ಲದ ಕಾಡು... ಅದಕ್ಕಿಂತ ಭದ್ರವಾದದ್ದು ಈ ಭೂಮಿಯ ಮೇಲೆ ಇನ್ನೊಂದಿದ್ದರೆ ತೋರಿಸಿ.